ಮೂಸಂಬಿಯಷ್ಟು ಗಡ್ಡೆ, ನಿಂಬೆಯಷ್ಟು ಗಡ್ಡೆ: ಕಿಡ್ನಿ ಕ್ಯಾನ್ಸರ್ ರಿಪೋರ್ಟಿನಲ್ಲಿ ಯಾವ ಮಾತಿಗೆ ಎಷ್ಟು ತೂಕ?

ಕಿಡ್ನಿ ಆಪರೇಷನ್ ಆಗಿ ವಾರ ಕಳೆದ ಮೇಲೆ ಮನೆಯವರು ಲ್ಯಾಬಿಗೆ ಬರುತ್ತಾರೆ. ರಿಪೋರ್ಟ್ ಕೈಗೆ ಸಿಕ್ಕ ಕೂಡಲೇ ಅವರ ಕಣ್ಣು ಹುಡುಕುವುದು ಸೆಂಟಿಮೀಟರನ್ನು. "ಎಂಟು ಅಂತ ಬರೆದಿದೆ, ತುಂಬಾ ದೊಡ್ಡದಲ್ವಾ ಡಾಕ್ಟ್ರೇ?" ಮುಖ ಬಾಡಿರುತ್ತದೆ. ಪಕ್ಕದಲ್ಲಿ ನಿಂತ ಇನ್ನೊಬ್ಬರ ರಿಪೋರ್ಟಿನಲ್ಲಿ ನಾಲ್ಕೂವರೆ ಅಂತಿರುತ್ತದೆ. ಅವರಿಗೆ ಒಳಗೊಳಗೇ ಸಮಾಧಾನ.

ನಾನು ಪೆಥಾಲಜಿಸ್ಟ್. ಫಾರ್ಮಲಿನ್ ಡಬ್ಬಿಯಲ್ಲಿ ಬರುವ ಕಿಡ್ನಿಯನ್ನು ಕತ್ತರಿಸಿ, ಮೈಕ್ರೋಸ್ಕೋಪಿನಲ್ಲಿ ನೋಡಿ, ಆ ರಿಪೋರ್ಟ್ ಬರೆಯುವುದು ನನ್ನ ಕೆಲಸ. ಎಷ್ಟೋ ಸಲ ಆ ಬಾಡಿದ ಮುಖ ಮತ್ತು ಆ ಸಮಾಧಾನ ಎರಡೂ ಅದಲುಬದಲಾಗಬೇಕಿತ್ತು ಅನ್ನಿಸುತ್ತದೆ. ಅದು ಹೇಗೆ ಅಂತ ಹೇಳಲು ಎರಡು ರಿಪೋರ್ಟುಗಳನ್ನು ಪಕ್ಕಪಕ್ಕ ಇಡುತ್ತೇನೆ. ಎರಡೂ ನಾನು ಉದಾಹರಣೆಗೆ ಅಂತ ಕಟ್ಟಿದವು, ಯಾರೊಬ್ಬರವೂ ಅಲ್ಲ. ಒಂದನ್ನು ಮೂಸಂಬಿ ಅನ್ನೋಣ, ಇನ್ನೊಂದನ್ನು ನಿಂಬೆ.

| | ಮೂಸಂಬಿ | ನಿಂಬೆ |
|---|---|---|
| ಅಳತೆ | 8 ಸೆಂ.ಮೀ. | 4.5 ಸೆಂ.ಮೀ. |
| ಟೈಪ್ | ಕ್ಲಿಯರ್ ಸೆಲ್ | ಕ್ಲಿಯರ್ ಸೆಲ್ |
| ಗ್ರೇಡ್ | 2 | 3 |
| ನೆಕ್ರೋಸಿಸ್ | ಇಲ್ಲ | ಇದೆ |
| ಸೈನಸ್ ಕೊಬ್ಬು | ತಾಗಿಲ್ಲ | ಒಳಗೆ ಹೊಕ್ಕಿದೆ |
| ಸ್ಟೇಜ್ | ಪಿಟಿ2ಎ | ಪಿಟಿ3ಎ |

ಈ ಪದಗಳ ಅರ್ಥ ಮುಂದೆ ಒಂದೊಂದಾಗಿ ಬರುತ್ತದೆ. ಇಬ್ಬರಿಗೂ ಲಿಂಫ್ ನೋಡ್‌ಗೆ ಹರಡಿಲ್ಲ, ಬೇರೆ ಅಂಗಕ್ಕೂ ಹೋಗಿಲ್ಲ ಅಂತಿಟ್ಟುಕೊಳ್ಳಿ. ಇವರಿಬ್ಬರಲ್ಲಿ ನಾನು ಹೆಚ್ಚು ಚಿಂತೆ ಮಾಡುವುದು ನಿಂಬೆಯವರ ಬಗ್ಗೆ.

## ಸೆಂಟಿಮೀಟರ್ ಕೆಲಸಕ್ಕೆ ಬರುವುದು ಆಪರೇಷನ್ನಿಗೆ ಮುಂಚೆ

ಅಳತೆ ಸುಳ್ಳು ಅಂತಲ್ಲ. ಸ್ಕ್ಯಾನಿನಲ್ಲಿ ಗಡ್ಡೆ ಕಂಡ ದಿನ ಡಾಕ್ಟರ ಕೈಯಲ್ಲಿ ಇರುವುದು ಹೆಚ್ಚಾಗಿ ಅದೊಂದೇ. 4 ಸೆಂ.ಮೀ.ಗಿಂತ ಚಿಕ್ಕ ಗಡ್ಡೆಗಳಲ್ಲಿ ಸುಮಾರು ಐದರಲ್ಲಿ ಒಂದು ಕ್ಯಾನ್ಸರೇ ಆಗಿರುವುದಿಲ್ಲ. 3 ಸೆಂ.ಮೀ.ಗಿಂತ ಚಿಕ್ಕದು ಬೇರೆ ಕಡೆ ಹರಡುವುದು ಅಪರೂಪ. ಇಂಥ ಚಿಕ್ಕ ಗಡ್ಡೆಗಳು ಸರಾಸರಿ ವರ್ಷಕ್ಕೆ 3 ಮಿ.ಮೀ.ನಷ್ಟು ಮಾತ್ರ ಬೆಳೆಯುತ್ತವೆ. ಹಾಗಾಗಿ ಎಂಬತ್ತು ದಾಟಿದ, ಹೃದಯದ ತೊಂದರೆ ಇರುವ ಅಜ್ಜನಿಗೆ 2 ಸೆಂ.ಮೀ. ಗಡ್ಡೆ ಸಿಕ್ಕರೆ ಆಪರೇಷನ್ ಬೇಡ, ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿ ನೋಡೋಣ ಅನ್ನುವುದೂ ಸರಿಯಾದ ಚಿಕಿತ್ಸೆಯೇ. "ಡಾಕ್ಟ್ರು ಸುಮ್ನೆ ಕೈಚೆಲ್ಲಿ ಕೂತಿದ್ದಾರೆ" ಅಂತ ಸಿಟ್ಟಾಗುವ ಮೊದಲು ಈ ಅಂಕಿ ನೆನಪಿಟ್ಟುಕೊಳ್ಳಿ.

ಇಲ್ಲಿ ಇನ್ನೊಂದು ಗೊಂದಲ. ಸಿಟಿ ರಿಪೋರ್ಟಿನಲ್ಲಿ "ರೀನಲ್ ಸ್ಕೋರ್ 9" ಅಂತ ಬರೆದಿರುತ್ತಾರೆ. ಅದು 4ರಿಂದ 12ರವರೆಗೆ ಹೋಗುವ ಅಂಕಿ. ಕೆಲವರು ಅದನ್ನು ನೋಡಿ ರಾತ್ರಿಯಿಡೀ ನಿದ್ದೆಗೆಟ್ಟಿರುತ್ತಾರೆ. ಅದು ಬದುಕುವ ಲೆಕ್ಕ ಅಲ್ಲ. ಗಡ್ಡೆ ಎಲ್ಲಿ ಕೂತಿದೆ, ಕಿಡ್ನಿ ಉಳಿಸಿಕೊಂಡು ಅದನ್ನಷ್ಟೇ ಕೊಯ್ದು ತೆಗೆಯುವುದು ಎಷ್ಟು ಕಷ್ಟ ಅನ್ನುವ ಲೆಕ್ಕ. ಸರ್ಜನ್‌ಗೆ ಬೇಕಾದ ಮಾಹಿತಿ.

ಗಡ್ಡೆ ಹೊರಗೆ ಬಂದ ಮೇಲೆ ಅಳತೆಯ ದರ್ಬಾರು ಕಡಿಮೆಯಾಗುತ್ತದೆ. ಸ್ಟೇಜಿನ ನಿಯಮದಲ್ಲೂ ಹಾಗೇ. 4 ಸೆಂ.ಮೀ.ವರೆಗೆ ಟಿ1ಎ, 7ರವರೆಗೆ ಟಿ1ಬಿ, 10ರವರೆಗೆ ಟಿ2ಎ, ಅದಕ್ಕಿಂತ ಜಾಸ್ತಿಯಾದರೆ ಟಿ2ಬಿ. ಮುಂದೆ ಪಿ ಇದ್ದರೆ ಲ್ಯಾಬಿನಲ್ಲಿ ನೋಡಿ ಹಾಕಿದ್ದು ಅಂತ ಅರ್ಥ. ಸೆಂಟಿಮೀಟರಿನ ಆಟ ಅಲ್ಲಿಗೆ ಮುಗಿಯಿತು. ಟಿ3 ಆಗಲು ಗಾತ್ರ ಬೇಕಿಲ್ಲ, ಬೇಲಿ ಹಾರಿದರೆ ಸಾಕು. ನಮ್ಮ ನಿಂಬೆ ಮಾಡಿರುವುದು ಅದನ್ನೇ.

## ಹಿತ್ತಿಲ ಬಾಗಿಲು

ಕಿಡ್ನಿಯನ್ನು ಪುಸ್ತಕ ತೆರೆದ ಹಾಗೆ ಉದ್ದಕ್ಕೆ ಎರಡು ಹೋಳು ಮಾಡುತ್ತೇವೆ. ಕ್ಲಿಯರ್ ಸೆಲ್ ಕ್ಯಾನ್ಸರ್ ಆದರೆ ಕೊಯ್ದ ಮುಖ ಹಳದಿ, ಮಾಗಿದ ಹಲಸಿನ ತೊಳೆಯ ಬಣ್ಣ. ಸೆಲ್‌ಗಳ ಒಳಗೆ ಕೊಬ್ಬು ತುಂಬಿರುವುದರಿಂದ ಆ ಬಣ್ಣ. ಸ್ಲೈಡ್ ಮಾಡುವಾಗ ಆಲ್ಕೋಹಾಲ್, ಕ್ಸೈಲೀನ್ ತಾಗಿ ಕೊಬ್ಬು ಕರಗಿ ಹೋಗುತ್ತದೆ. ಮೈಕ್ರೋಸ್ಕೋಪಿನಲ್ಲಿ ಸೆಲ್‌ಗಳು ಖಾಲಿ ಖಾಲಿ ಕಾಣುತ್ತವೆ. ಕ್ಲಿಯರ್ ಸೆಲ್ ಅನ್ನುವ ಹೆಸರು ಬಂದದ್ದು ಅದರಿಂದ.

ಆ ಹಳದಿ ನಡುವೆ ಕೆಂಪು ಕಂಡರೆ ರಕ್ತ ಸೋರಿದ್ದು. ಸೀಮೆಸುಣ್ಣದ ಪುಡಿಯ ಹಾಗೆ ಉದುರುವ ಜಾಗ ಕಂಡರೆ ಅಲ್ಲಿ ಗಡ್ಡೆ ಸತ್ತಿರಬಹುದು. ಬೂದು ಬಿಳುಪಿನ, ಮೀನಿನ ಮಾಂಸದಂಥ ಗಟ್ಟಿ ಜಾಗ ಕಂಡರೆ ನನ್ನ ಕೈ ಅಲ್ಲೇ ನಿಲ್ಲುತ್ತದೆ. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಸೈನಸ್. ಕಿಡ್ನಿಯ ಹೊರಮೈಗೆ ಒಂದು ಗಟ್ಟಿ ಪೊರೆ ಇದೆ. ಆಚೆ ಕೊಬ್ಬು, ಅದರಾಚೆ ಇನ್ನೊಂದು ಪೊರೆ. ಒಳಬದಿಯಲ್ಲಿ, ಅಂದರೆ ರಕ್ತನಾಳಗಳು ಮತ್ತು ಮೂತ್ರದ ನಾಳ ಹಾದುಹೋಗುವ ಕಡೆ, ಒಂದು ಕುಳಿ ಇದೆ. ಅದೇ ರೀನಲ್ ಸೈನಸ್. ಅಲ್ಲಿ ಕಿಡ್ನಿಗೂ ಕೊಬ್ಬಿಗೂ ನಡುವೆ ಪೊರೆಯೇ ಇಲ್ಲ. ತುಂಬಾ ಸಿರೆಗಳು ಬೇರೆ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟ ಮನೆ ಇದ್ದ ಹಾಗೆ. ಗಡ್ಡೆ ಹೊರಗೆ ಹೋಗಬೇಕಾದರೆ ಹೆಚ್ಚಾಗಿ ಈ ದಾರಿ ಹಿಡಿಯುತ್ತದೆ.

ಹಾಗಾಗಿ 4.5 ಸೆಂ.ಮೀ. ಗಡ್ಡೆಯೂ ಈ ಕೊಬ್ಬನ್ನು ಮುಟ್ಟಿದರೆ ನೇರ ಪಿಟಿ3ಎ. ಅಲ್ಲಿನ ಸಿರೆಯೊಳಗೆ ಕಂಡರೂ ಅಷ್ಟೇ.

ಈಗ ಮೂಸಂಬಿಗೆ ಬನ್ನಿ. 8 ಸೆಂ.ಮೀ., ಸೈನಸ್ ತಾಗಿಲ್ಲ, ಪಿಟಿ2ಎ. ನನ್ನ ಹತ್ತಿರ ಯಾರಾದರೂ ಈ ರಿಪೋರ್ಟ್ ತಂದರೆ ನಾನು ಮೊದಲು ಖುಷಿಪಡುವುದಿಲ್ಲ, ಅನುಮಾನಪಡುತ್ತೇನೆ. 7 ಸೆಂ.ಮೀ. ದಾಟಿದ ಕ್ಲಿಯರ್ ಸೆಲ್ ಗಡ್ಡೆಗಳಲ್ಲಿ ಸೈನಸ್ಸನ್ನು ಹುಡುಕಿ ಹುಡುಕಿ ನೋಡಿದರೆ ಬಹುಪಾಲಿನಲ್ಲಿ ಅದು ತಾಗಿರುತ್ತದೆ. ಅಂದರೆ ನಿಜವಾದ ಪಿಟಿ2 ಕ್ಲಿಯರ್ ಸೆಲ್ ಗಡ್ಡೆ ಅಪರೂಪದ ವಸ್ತು. ಗಡ್ಡೆಯೂ ಸೈನಸ್ಸೂ ಸೇರುವ ಜಾಗದಿಂದ ಕಡೇಪಕ್ಷ ಮೂರು ತುಂಡು ತೆಗೆದು ನೋಡಿ ಅನ್ನುವುದು ನಮ್ಮ ವೃತ್ತಿಯ ಒಪ್ಪಿತ ಸಲಹೆ. ಇಡೀ ಗಡ್ಡೆಗೆ ಸೆಂಟಿಮೀಟರಿಗೆ ಒಂದರಂತೆ ತುಂಡು, ಕಡಿಮೆ ಅಂದರೆ ಮೂರು. ರಿಪೋರ್ಟಿನ ಕೊನೆಯಲ್ಲಿ ಯಾವ ಬ್ಲಾಕ್, ಅಂದರೆ ಯಾವ ತುಂಡು, ಎಲ್ಲಿಂದ ತೆಗೆದದ್ದು ಅಂತ ಪಟ್ಟಿ ಇರುತ್ತದೆ. ಯಾರೂ ಓದದ ಪಟ್ಟಿ ಅದು. ಅದರಲ್ಲಿ "ಸೈನಸ್" ಅನ್ನುವ ಪದ ಎಷ್ಟು ಸಲ ಬಂದಿದೆ ನೋಡಿ. ಒಂದೂ ಇಲ್ಲದಿದ್ದರೆ, "ತಾಗಿಲ್ಲ" ಅನ್ನುವ ಮಾತಿಗೆ "ನೋಡಿಲ್ಲ" ಅನ್ನುವ ಅರ್ಥವೂ ಇರಬಹುದು, ಅಲ್ವಾ?

ಡಬ್ಬಿಯಲ್ಲಿರುವ ಕಿಡ್ನಿಯನ್ನು ಲ್ಯಾಬ್ ತಕ್ಷಣ ಎಸೆಯುವುದಿಲ್ಲ. ಕೇಳಿದರೆ ಇನ್ನೂ ನಾಲ್ಕು ತುಂಡು ತೆಗೆದು ನೋಡಬಹುದು. ಆದರೆ ತುಂಬಾ ದಿನ ಇಟ್ಟುಕೊಳ್ಳುವುದೂ ಇಲ್ಲ. ಕೇಳುವುದಿದ್ದರೆ ರಿಪೋರ್ಟ್ ಬಂದ ವಾರದಲ್ಲೇ ಕೇಳಿ.

ಸಿರೆಯ ಬಗ್ಗೆ ಒಂದು ಮಾತು. ಈ ಕ್ಯಾನ್ಸರಿಗೆ ಒಂದು ವಿಚಿತ್ರ ಚಾಳಿ ಇದೆ. ಕಿಡ್ನಿಯ ಸಿರೆಯೊಳಗೆ ಬಾಲ ಬೆಳೆಸಿಕೊಂಡು, ಅಲ್ಲಿಂದ ಹೊಟ್ಟೆಯ ದೊಡ್ಡ ಸಿರೆಗೆ ಹೋಗಿ, ಕೆಲವರಲ್ಲಿ ಹೃದಯದವರೆಗೂ ಏರುತ್ತದೆ. ಕಿಡ್ನಿಯ ಸಿರೆಯಲ್ಲೇ ಇದ್ದರೆ ಟಿ3ಎ, ದೊಡ್ಡ ಸಿರೆಯಲ್ಲಿ ವಪೆಯ ಕೆಳಗಿದ್ದರೆ ಟಿ3ಬಿ, ವಪೆ ದಾಟಿದರೆ ಅಥವಾ ಸಿರೆಯ ಗೋಡೆಯೊಳಗೆ ಹೊಕ್ಕಿದ್ದರೆ ಟಿ3ಸಿ. ಕೇಳಲು ಭಯಂಕರ. ಆದರೆ ಬೇರೆಲ್ಲೂ ಹರಡಿಲ್ಲದಿದ್ದರೆ ಆ ಬಾಲವನ್ನು ಪೂರ್ತಿ ಎಳೆದು ತೆಗೆದು ವರ್ಷಗಟ್ಟಲೆ ಚೆನ್ನಾಗಿ ಬದುಕಿದವರಿದ್ದಾರೆ. ಇದಕ್ಕೆ ಹೋಲಿಸಿದರೆ ಲಿಂಫ್ ನೋಡ್‌ನಲ್ಲಿ ಸಿಕ್ಕ ಚಿಕ್ಕ ಚುಕ್ಕೆ ಹೆಚ್ಚು ಕೆಟ್ಟ ಸುದ್ದಿ. ಪುಸ್ತಕದಲ್ಲಿ ಅದೂ 3ನೇ ಸ್ಟೇಜೇ. ಆದರೆ ನೋಡ್ ತಾಗಿದವರ ಬದುಕುವ ಲೆಕ್ಕ 4ನೇ ಸ್ಟೇಜಿನವರ ಹತ್ತಿರ ಹತ್ತಿರ ಬರುತ್ತದೆ. "3ನೇ ಸ್ಟೇಜ್" ಅನ್ನುವ ಒಂದೇ ಚೀಲದಲ್ಲಿ ಇಷ್ಟು ಬೇರೆ ಬೇರೆ ಸಾಮಾನು ತುಂಬಿದ್ದಾರೆ.

## "ಗ್ರೇಡ್ 4 ಅಂದ್ರೆ 4ನೇ ಸ್ಟೇಜಾ?"

ಅಲ್ಲ. ಈ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಸ್ಟೇಜ್ ಅಂದರೆ ಕಳ್ಳ ಎಲ್ಲಿಯವರೆಗೆ ಹೋಗಿದ್ದಾನೆ. ಗ್ರೇಡ್ ಅಂದರೆ ಕಳ್ಳ ಎಂಥವನು. ಮನೆಯೊಳಗೇ ಸಿಕ್ಕಿಬಿದ್ದ ಕ್ರೂರಿಯೂ ಇರಬಹುದು, ಊರು ದಾಟಿ ಹೋದ ಪುಕ್ಕಲನೂ ಇರಬಹುದು.

1982ರಿಂದ ಫರ್ಮನ್ ಗ್ರೇಡ್ ಅಂತ ಒಂದು ಪದ್ಧತಿ ಇತ್ತು. ಹಳೇ ರಿಪೋರ್ಟುಗಳಲ್ಲಿ ಅದೇ ಹೆಸರಿರುತ್ತದೆ. ಅದರಲ್ಲಿ ನ್ಯೂಕ್ಲಿಯಸ್ಸಿನ ಗಾತ್ರ, ಆಕಾರ, ನ್ಯೂಕ್ಲಿಯೋಲಸ್ ಮೂರನ್ನೂ ಒಟ್ಟಿಗೆ ತೂಗಬೇಕಿತ್ತು. ಒಬ್ಬರು 2 ಅಂದದ್ದನ್ನು ಇನ್ನೊಬ್ಬರು 3 ಅನ್ನುವುದು ಮಾಮೂಲಾಗಿತ್ತು. 2016ರಿಂದ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿರುವ ಪದ್ಧತಿ ಸರಳ. ನ್ಯೂಕ್ಲಿಯಸ್ಸಿನ ನಡುವಿನ ಚುಕ್ಕೆ, ಅಂದರೆ ನ್ಯೂಕ್ಲಿಯೋಲಸ್, ಕಾಣುತ್ತದೋ ಇಲ್ಲವೋ ಅಷ್ಟೇ. 400 ಪಟ್ಟು ದೊಡ್ಡದು ಮಾಡಿದರೂ ಸರಿಯಾಗಿ ಕಾಣದಿದ್ದರೆ ಗ್ರೇಡ್ 1. 400ರಲ್ಲಿ ಎದ್ದು ಕಂಡರೆ 2. ಬರೀ 100 ಪಟ್ಟಿಗೇ ಎದ್ದು ಕಂಡರೆ 3. ಸೆಲ್‌ಗಳು ಒಂದರಂತೆ ಒಂದಿಲ್ಲದೆ ಅಡ್ಡಾದಿಡ್ಡಿ ಆಗಿದ್ದರೆ, ರಾಕ್ಷಸ ಗಾತ್ರದವು ಕಂಡರೆ, ಅಥವಾ ಸಾರ್ಕೊಮಟಾಯ್ಡ್, ರಾಬ್ಡಾಯ್ಡ್ ಅನ್ನುವ ರೂಪ ತಾಳಿದ್ದರೆ 4.

ಈ ಸಾರ್ಕೊಮಟಾಯ್ಡ್ ಅನ್ನುವುದೇ ಆ ಮೀನಿನ ಮಾಂಸದ ಬಣ್ಣದ ಜಾಗ. ಅಲ್ಲಿ ಸೆಲ್‌ಗಳು ತಮ್ಮ ಮೂಲ ರೂಪ ಬಿಟ್ಟು ಉದ್ದುದ್ದ ನಾರಿನ ಹಾಗೆ ಆಗಿರುತ್ತವೆ. ಕ್ಯಾನ್ಸರಿನ ಟೈಪ್ ಯಾವುದೇ ಇರಲಿ, ಇದು ಕಂಡರೆ ವೇಗ ಜಾಸ್ತಿ. ರಿಪೋರ್ಟಿನಲ್ಲಿ ಶೇಕಡಾ ಎಷ್ಟು ಅಂತಲೂ ಬರೆದಿರುತ್ತೇವೆ. ಇದರ ಕತೆಗೆ ಒಂದು ತಿರುವು ಇದೆ, ಇಮ್ಯುನೋಥೆರಪಿಯ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಬಿಡುವ ಚಿಕಿತ್ಸೆ) ಹತ್ತಿರ ಬಂದಾಗ ಹೇಳುತ್ತೇನೆ.

ನೆಕ್ರೋಸಿಸ್ ಅಂದರೆ ಗಡ್ಡೆಯೊಳಗೇ ಸೆಲ್‌ಗಳು ಸತ್ತಿರುವುದು. "ಸತ್ತರೆ ಒಳ್ಳೇದಲ್ವಾ?" ಅಂತ ಒಬ್ಬರು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಆದರೆ ಅವು ಸಾಯುವುದು ಹೆಚ್ಚಾಗಿ ಗಡ್ಡೆ ರಕ್ತದ ಪೂರೈಕೆಗೆ ಮೀರಿ ಬೆಳೆಯುತ್ತಿರುವುದರಿಂದ. ಹಾಗಾಗಿ ಕ್ಲಿಯರ್ ಸೆಲ್‌ನಲ್ಲಿ ಅದು ಕೆಟ್ಟ ಗುರುತು. ಪ್ಯಾಪಿಲರಿ ಟೈಪಿನಲ್ಲಿ ಅದಕ್ಕೆ ಅಷ್ಟು ಬೆಲೆ ಇಲ್ಲ. ಇನ್ನೊಂದು ಎಚ್ಚರಿಕೆ: ಆಪರೇಷನ್ನಿಗೆ ಮುಂಚೆ ರಕ್ತನಾಳ ಮುಚ್ಚುವ ಎಂಬೋಲೈಸೇಷನ್ ಮಾಡಿದ್ದರೆ ಗಡ್ಡೆ ಅದರಿಂದಲೇ ಸತ್ತಿರುತ್ತದೆ. ಆಗ ನೆಕ್ರೋಸಿಸ್‌ಗೆ ಅರ್ಥವಿಲ್ಲ. ಈ ಮಾತನ್ನು ಲ್ಯಾಬಿಗೆ ಯಾರಾದರೂ ಹೇಳಿರಬೇಕು, ಅಷ್ಟೇ.

## ಟೈಪ್ ನೋಡದೆ ಗ್ರೇಡ್ ನೋಡಬೇಡಿ

ಕಿಡ್ನಿ ಕ್ಯಾನ್ಸರುಗಳಲ್ಲಿ ನಾಲ್ಕರಲ್ಲಿ ಮೂರು ಕ್ಲಿಯರ್ ಸೆಲ್. ಹತ್ತರಿಂದ ಹದಿನೈದು ಶೇಕಡಾ ಪ್ಯಾಪಿಲರಿ. ಐದು ಶೇಕಡಾದಷ್ಟು ಕ್ರೋಮೋಫೋಬ್. ಮೇಲಿನ ಮಾತು ಹೆಚ್ಚಾಗಿ ಕ್ಲಿಯರ್ ಸೆಲ್‌ನವರಿಗೆ ಸೇರಿದ್ದು.

ಕ್ರೋಮೋಫೋಬ್ ಸಾಮಾನ್ಯವಾಗಿ ಸಾಧು. ಅದರ ನ್ಯೂಕ್ಲಿಯಸ್ ಹುಟ್ಟಿನಿಂದಲೇ ಸುಕ್ಕು ಸುಕ್ಕು, ಗ್ರೇಡ್ ಹಾಕಿದರೆ ಸುಮ್ನೆ ಜಾಸ್ತಿ ಬರುತ್ತದೆ. ಅದಕ್ಕೇ ನಾವು ಹಾಕುವುದಿಲ್ಲ. "ಗ್ರೇಡ್ ಬರೆದೇ ಇಲ್ಲ, ಮರೆತಿದ್ದಾರೆ" ಅಂತ ಜಗಳಕ್ಕೆ ಬಂದವರಿದ್ದಾರೆ. ಪ್ಯಾಪಿಲರಿಯಲ್ಲಿ ಮೊದಲು ಟೈಪ್ 1, ಟೈಪ್ 2 ಅಂತ ಇತ್ತು. 2022ರ ವರ್ಗೀಕರಣದಲ್ಲಿ ಅದನ್ನು ಕೈಬಿಟ್ಟಿದ್ದಾರೆ. ಅದೇ ವರ್ಷ "ಕ್ಲಿಯರ್ ಸೆಲ್ ಪ್ಯಾಪಿಲರಿ" ಅನ್ನುವುದರ ಹೆಸರಿನಿಂದ ಕಾರ್ಸಿನೋಮ ಅನ್ನುವ ಪದವನ್ನೇ ತೆಗೆದು ಟ್ಯೂಮರ್ ಅಂತ ಮಾಡಿದರು, ಅಷ್ಟು ನಿರುಪದ್ರವಿ ಅದು. ಆಂಕೋಸೈಟೋಮಾ ಅಂತ ಬಂದರೆ ಕ್ಯಾನ್ಸರೇ ಅಲ್ಲ. ಇನ್ನೊಂದು ತುದಿಯಲ್ಲಿ ಕಲೆಕ್ಟಿಂಗ್ ಡಕ್ಟ್, ಸಿಕಲ್ ಸೆಲ್ ಗುಣ ಇರುವ ಯುವಕರಲ್ಲಿ ಬರುವ ಮೆಡುಲ್ಲರಿ ಟೈಪು ಇವೆ. ಅಲ್ಲಿ ಅಳತೆ ಚಿಕ್ಕದಿದ್ದರೂ ನೆಮ್ಮದಿ ಇಲ್ಲ. ಇಂಥ ಅಪರೂಪದ ಹೆಸರು ಬಂದರೆ ಸ್ಲೈಡನ್ನು ಇನ್ನೊಬ್ಬರ ಹತ್ತಿರ ತೋರಿಸಲೇಬೇಕು.

## ಮೂರು ಸ್ಕೋರು, ಮೂರು ಬೇರೆ ಪ್ರಶ್ನೆ

ಈ ಎಲ್ಲ ಗುರುತುಗಳನ್ನು ಕೂಡಿಸಿ ಒಂದು ಅಂಕಿ ಮಾಡುವ ಪದ್ಧತಿಗಳು ಹಲವು ಇವೆ. ಇಂಟರ್ನೆಟ್ಟಿನಲ್ಲಿ ಕ್ಯಾಲ್ಕುಲೇಟರ್ ಸಿಗುತ್ತವೆ. ಜನ ಮೂರರಲ್ಲೂ ಹಾಕಿ ಮೂರು ಬೇರೆ ಉತ್ತರ ಬಂದಾಗ ಕಂಗಾಲಾಗುತ್ತಾರೆ. ಉತ್ತರ ಬೇರೆ ಬರುವುದು ಪ್ರಶ್ನೆಯೇ ಬೇರೆ ಆದ್ದರಿಂದ.

2002ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನವರು ಕ್ಲಿಯರ್ ಸೆಲ್ ಇದ್ದ 1,801 ಜನರ ದಾಖಲೆ ಇಟ್ಟುಕೊಂಡು ಎಸ್‌ಎಸ್‌ಐಜಿಎನ್ ಸ್ಕೋರ್ ಮಾಡಿದರು. ಬಾಯಲ್ಲಿ "ಸೈನ್" ಅನ್ನುತ್ತಾರೆ. ಅದರಲ್ಲಿ ಸೇರಿಸುವುದು ಸ್ಟೇಜ್, ಅಳತೆ, ಗ್ರೇಡ್, ನೆಕ್ರೋಸಿಸ್. ಕೇಳುವ ಪ್ರಶ್ನೆ: ಈ ಕ್ಯಾನ್ಸರಿನಿಂದ ಸಾಯದೆ ಎಷ್ಟು ಜನ ಉಳಿದರು? ಮರುವರ್ಷ ಅಲ್ಲಿಯವರೇ ಲೈಬೊವಿಚ್ ಸ್ಕೋರ್ ತಂದರು. ಅದರ ಪ್ರಶ್ನೆ: ಆಪರೇಷನ್ ಆದ ಮೇಲೆ ಬೇರೆ ಅಂಗಕ್ಕೆ ಹರಡದೆ ಎಷ್ಟು ಜನ ಉಳಿದರು? ಮೂರನೆಯದು ಐಎಂಡಿಸಿ, ಆಗಲೇ ಹರಡಿರುವವರಿಗೆ. ಅದರ ವಿಷಯ ಆಮೇಲೆ. ಯುಐಎಸ್‌ಎಸ್ ಅಂತ ಇನ್ನೊಂದಿದೆ, ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದ್ದು. ಅದರಲ್ಲಿ ಸ್ಟೇಜ್ ಮತ್ತು ಗ್ರೇಡ್ ಜೊತೆ ರೋಗಿ ಓಡಾಡಿಕೊಂಡು ಎಷ್ಟು ಚೆನ್ನಾಗಿದ್ದಾರೆ ಅನ್ನುವುದನ್ನೂ ಸೇರಿಸುತ್ತಾರೆ. ಯಾವ ಟೈಪಿಗೂ ಹಾಕಬಹುದು, ಆದರೆ ಸ್ವಲ್ಪ ಒರಟು.

ನಮ್ಮ ಇಬ್ಬರಿಗೂ ಲೆಕ್ಕ ಹಾಕೋಣ. ಸೈನ್‌ನಲ್ಲಿ ಮೂಸಂಬಿಗೆ ಟಿ2ರಿಂದ 1, 5 ಸೆಂ.ಮೀ. ಅಥವಾ ಜಾಸ್ತಿ ಇದ್ದರೆ 2, ಗ್ರೇಡ್ 2ಕ್ಕೆ ಸೊನ್ನೆ, ನೆಕ್ರೋಸಿಸ್ ಇಲ್ಲ. ಒಟ್ಟು 3. ನಿಂಬೆಗೆ ಟಿ3ರಿಂದ 2, ಅಳತೆಗೆ ಸೊನ್ನೆ, ಗ್ರೇಡ್ 3ಕ್ಕೆ 1, ನೆಕ್ರೋಸಿಸ್‌ಗೆ 2. ಒಟ್ಟು 5. ಮೇಯೊ ಲೆಕ್ಕದಲ್ಲಿ 3 ಬಂದವರಲ್ಲಿ ಐದು ವರ್ಷಕ್ಕೆ ಶೇಕಡಾ 87.8, 5 ಬಂದವರಲ್ಲಿ ಶೇಕಡಾ 75.4 ಜನ ಈ ಕ್ಯಾನ್ಸರಿನಿಂದ ಸತ್ತಿರಲಿಲ್ಲ.

ಲೈಬೊವಿಚ್‌ನಲ್ಲಿ ಮೂಸಂಬಿಗೆ ಟಿ2ರಿಂದ 3, ಮಿಕ್ಕದ್ದೆಲ್ಲ ಸೊನ್ನೆ. ಅಲ್ಲಿ ಅಳತೆಗೆ ಅಂಕ ಬೀಳುವುದು 10 ಸೆಂ.ಮೀ. ಮುಟ್ಟಿದರೆ ಮಾತ್ರ. ನಿಂಬೆಗೆ ಟಿ3ರಿಂದ 4, ಗ್ರೇಡಿಗೆ 1, ನೆಕ್ರೋಸಿಸ್‌ಗೆ 1, ಒಟ್ಟು 6. 3ರಿಂದ 5ರವರೆಗೆ ನಡುವಿನ ಗುಂಪು, ಐದು ವರ್ಷಕ್ಕೆ ಹರಡದೆ ಉಳಿದವರು ಶೇಕಡಾ 73.8. 6 ಮತ್ತು ಮೇಲಿನದು ಅಪಾಯದ ಗುಂಪು, ಅಲ್ಲಿ ಶೇಕಡಾ 31.2.

75 ಎಲ್ಲಿ, 31 ಎಲ್ಲಿ! ನಿಂಬೆಯ ಮನೆಯವರು ಯಾವುದನ್ನು ನಂಬಬೇಕು? ಎರಡನ್ನೂ. ಹರಡುವುದು ಬೇರೆ, ಸಾಯುವುದು ಬೇರೆ. ಹರಡಿದ ಮೇಲೂ ಜನ ಚಿಕಿತ್ಸೆಯಲ್ಲಿ ವರ್ಷಗಟ್ಟಲೆ ಬದುಕುತ್ತಾರೆ. ಜೊತೆಗೆ ಲೈಬೊವಿಚ್‌ನ ಅಪಾಯದ ಗುಂಪಿನಲ್ಲಿ 6 ಬಂದವರೂ ಇದ್ದಾರೆ, 10 ಬಂದವರೂ ಇದ್ದಾರೆ. ನಿಂಬೆ ನಿಂತಿರುವುದು ಆ ಗುಂಪಿನ ಹೊಸ್ತಿಲಲ್ಲಿ. ಸರಾಸರಿ ಇಡೀ ಗುಂಪಿನದು.

ಇನ್ನೂ ಒಂದು. ಸೈನ್ ಲೆಕ್ಕಕ್ಕೆ ಸಿಕ್ಕವರು 1970ರಿಂದ 1998ರ ನಡುವೆ ಆಪರೇಷನ್ ಆದವರು. ಆಗ ಇಂದಿನ ಔಷಧಿಗಳು ಒಂದೂ ಇರಲಿಲ್ಲ. ಸ್ಟೇಜಿನ ನಿಯಮಗಳೂ ಸ್ವಲ್ಪ ಬೇರೆ. ಹಾಗಾಗಿ ನಾನು ಈ ಅಂಕಿಗಳನ್ನು ಯಾರು ಮುಂದೆ, ಯಾರು ಹಿಂದೆ ಅಂತ ಸಾಲು ಹಚ್ಚಲು ನಂಬುತ್ತೇನೆ. ಕ್ಯಾಲೆಂಡರಿನಲ್ಲಿ ದಿನ ಗುರುತು ಹಾಕಲು ಅಲ್ಲ.

ಯಾವ ಸ್ಕೋರ್ ಆರಿಸಲಿ ಅಂತ ಕೇಳಿದರೆ: ಆಪರೇಷನ್ ಆಗಿ, ಎಲ್ಲೂ ಹರಡಿಲ್ಲದೆ, ಕ್ಲಿಯರ್ ಸೆಲ್ ಇದ್ದವರಿಗೆ ನನ್ನ ಮೊದಲ ಆಯ್ಕೆ ಲೈಬೊವಿಚ್. ಅವರ ಮುಂದಿರುವ ಪ್ರಶ್ನೆ "ಎಷ್ಟು ಬೇಗ ಬೇಗ ಸ್ಕ್ಯಾನ್ ಮಾಡಿಸಬೇಕು, ಔಷಧಿ ಬೇಕಾ" ಅನ್ನುವುದು. ಅದಕ್ಕೆ ಹರಡುವ ಲೆಕ್ಕವೇ ಹತ್ತಿರದ್ದು. ಪ್ಯಾಪಿಲರಿ, ಕ್ರೋಮೋಫೋಬ್‌ನವರು 2002, 2003ರ ಕ್ಯಾಲ್ಕುಲೇಟರಿಗೆ ಕೈ ಹಾಕಲೇಬೇಡಿ. 2018ರಲ್ಲಿ ಅದೇ ಮೇಯೊ ತಂಡ ಈ ಟೈಪುಗಳಿಗೆ ಬೇರೆಯದೇ ಲೆಕ್ಕ ಕೊಟ್ಟಿದೆ.

## ಒಂದು ವರ್ಷದ ಇಮ್ಯುನೋಥೆರಪಿ, ಅಥವಾ ಬರೀ ಸ್ಕ್ಯಾನ್?

ಈ ಗುರುತುಗಳೆಲ್ಲ ಕೊನೆಗೆ ಬಂದು ನಿಲ್ಲುವ ನಿರ್ಧಾರ ಇದು. ಆಪರೇಷನ್ ಆದ ಮೇಲೆ ಮೂರು ವಾರಕ್ಕೊಮ್ಮೆ ಪೆಂಬ್ರೊಲಿಜುಮ್ಯಾಬ್ ಅನ್ನುವ ಇಮ್ಯುನೋಥೆರಪಿ ಔಷಧಿ ಕೊಡುವುದು, ಹೆಚ್ಚೆಂದರೆ 17 ಸಲ. ಕೀನೋಟ್-564 ಅನ್ನುವ ಟ್ರಯಲ್‌ನಲ್ಲಿ 994 ಜನರಿದ್ದರು. ಅರ್ಧ ಜನಕ್ಕೆ ಔಷಧಿ, ಇನ್ನರ್ಧ ಜನಕ್ಕೆ ಬರೀ ಸಲೈನಿನಂಥದ್ದು. ನಾಲ್ಕು ವರ್ಷದ ಹೊತ್ತಿಗೆ ಔಷಧಿಯವರಲ್ಲಿ ಶೇಕಡಾ 91.2, ಇಲ್ಲದವರಲ್ಲಿ ಶೇಕಡಾ 86 ಜನ ಬದುಕಿದ್ದರು. 2024ರಲ್ಲಿ ಈ ಅಂಕಿ ಬಂದಾಗ ಕಿಡ್ನಿ ಕ್ಯಾನ್ಸರಿನಲ್ಲಿ ಅದು ದೊಡ್ಡ ಸುದ್ದಿ. ಆಪರೇಷನ್ ನಂತರದ ಔಷಧಿಯಿಂದ ಆಯುಸ್ಸು ಹೆಚ್ಚಿದ್ದು ಅದೇ ಮೊದಲು.

ಅದನ್ನು ಇನ್ನೊಂದು ಬದಿಯಿಂದಲೂ ಓದಿ. ನೂರು ಜನರಿಗೆ ಕೊಟ್ಟರೆ ನಾಲ್ಕು ವರ್ಷದಲ್ಲಿ ಐವರಿಗೆ ಜೀವ ಉಳಿದ ಲಾಭ. 86 ಜನ ಔಷಧಿ ಇಲ್ಲದೆಯೂ ಇದ್ದರು. ತೀವ್ರ ಅಡ್ಡಪರಿಣಾಮ ಆದದ್ದು ನೂರಕ್ಕೆ 18-19 ಜನರಿಗೆ. ಥೈರಾಯ್ಡ್ ಏರುಪೇರಾಗಿ ಜೀವನಪರ್ಯಂತ ಮಾತ್ರೆ ನುಂಗಬೇಕಾಗಬಹುದು. ಖರ್ಚು ಲಕ್ಷಗಳಲ್ಲಿ. ಜಮೀನು ಮಾರುವ ಮಾತು ಬಂದರೆ ಈ ಐದು ಅನ್ನುವ ಅಂಕಿಯನ್ನು ಎದುರಿಗಿಟ್ಟುಕೊಂಡೇ ಮಾತಾಡಿ.

ಯಾರಿಗೆ ಈ ಔಷಧಿ? ಟ್ರಯಲ್‌ನ ಬಾಗಿಲು ತೆರೆದಿದ್ದು ಇವರಿಗೆ: ಕ್ಲಿಯರ್ ಸೆಲ್ ಅಂಶ ಇರಬೇಕು. ಟಿ2 ಆದರೆ ಗ್ರೇಡ್ 4 ಅಥವಾ ಸಾರ್ಕೊಮಟಾಯ್ಡ್ ಇರಬೇಕು. ಟಿ3 ಆದರೆ ಯಾವ ಗ್ರೇಡ್ ಆದರೂ ಸರಿ. ಟಿ4, ನೋಡ್ ತಾಗಿದ್ದು, ಹರಡಿದ್ದನ್ನು ಪೂರ್ತಿ ಕೊಯ್ದು ತೆಗೆದದ್ದು ಇವೂ ಸೇರಿದ್ದವು.

ಈಗ ಮತ್ತೆ ಮೂಸಂಬಿ ನೋಡಿ. ಟಿ2, ಗ್ರೇಡ್ 2. ಬಾಗಿಲು ಮುಚ್ಚಿದೆ, ಸ್ಕ್ಯಾನ್ ಮಾಡಿಸುತ್ತಾ ಇರಬೇಕು. ನಿಂಬೆ ಒಳಗೆ. ಆದರೆ ಮೂಸಂಬಿಯ ಡಬ್ಬಿಯಿಂದ ಇನ್ನೊಂದು ತುಂಡು ತೆಗೆದು, ಅದರಲ್ಲಿ ಸೈನಸ್ ಕೊಬ್ಬಿನೊಳಗೆ ಗಡ್ಡೆಯ ಒಂದು ಬೆರಳು ಹೊಕ್ಕಿರುವುದು ಕಂಡರೆ? ಸೈನ್ ಸ್ಕೋರ್ 3ರಿಂದ 4 ಆಗುತ್ತದೆ, ಶೇಕಡಾ 87.8 ಇದ್ದದ್ದು 79.1. ಲೈಬೊವಿಚ್ 4, ಗುಂಪು ಬದಲಾಗಲಿಲ್ಲ. ಆದರೆ ಸ್ಟೇಜ್ ಪಿಟಿ3ಎ ಆಯಿತು, ಔಷಧಿಯ ಮಾತು ಮೇಜಿನ ಮೇಲೆ ಬಂತು. ಒಂದು ಅಕ್ಕಿಕಾಳಿನಷ್ಟು ಕೊಬ್ಬು ಒಂದು ವರ್ಷದ ಚಿಕಿತ್ಸೆಯನ್ನು ನಿರ್ಧರಿಸಿತು. ಸೈನಸ್ ಸೈನಸ್ ಅಂತ ನಾನು ಇಷ್ಟೊತ್ತು ಕೂಗಿದ್ದು ಇದಕ್ಕೇ.

ಔಷಧಿ ಬೇಡ ಅಂತಾದರೂ ಸ್ಕ್ಯಾನ್ ಬಿಡಬೇಡಿ. ಇದು ಹತ್ತು ವರ್ಷ ಕಳೆದ ಮೇಲೂ ತಿರುಗಿ ಬಂದದ್ದಿದೆ, ಹೆಚ್ಚಾಗಿ ಶ್ವಾಸಕೋಶದಲ್ಲಿ.

## ಆಗಲೇ ಹರಡಿದ್ದರೆ

ಆಗ ನನ್ನ ರಿಪೋರ್ಟಿಗಿಂತ ರಕ್ತದ ರಿಪೋರ್ಟ್ ಜಾಸ್ತಿ ಮಾತಾಡುತ್ತದೆ. ಐಎಂಡಿಸಿ ಲೆಕ್ಕದಲ್ಲಿ ಆರು ಅಂಶ: ಹಿಮೋಗ್ಲೋಬಿನ್ ಕಡಿಮೆ, ಕ್ಯಾಲ್ಸಿಯಂ ಜಾಸ್ತಿ, ನ್ಯೂಟ್ರೋಫಿಲ್ ಜಾಸ್ತಿ, ಪ್ಲೇಟ್‌ಲೆಟ್ ಜಾಸ್ತಿ, ರೋಗ ಗೊತ್ತಾಗಿ ವರ್ಷದೊಳಗೇ ಔಷಧಿ ಶುರುಮಾಡಬೇಕಾಗಿ ಬಂದದ್ದು, ದಿನನಿತ್ಯದ ಓಡಾಟ ಕುಗ್ಗಿರುವುದು. ಒಂದೂ ಇಲ್ಲದಿದ್ದರೆ ಒಳ್ಳೇ ಗುಂಪು, ಒಂದೆರಡು ಇದ್ದರೆ ನಡುವಿನದು, ಮೂರು ಅಥವಾ ಜಾಸ್ತಿ ಇದ್ದರೆ ಕಷ್ಟದ್ದು. ಮೂರು ಗುಂಪುಗಳಲ್ಲಿ ಅರ್ಧದಷ್ಟು ಜನ ಬದುಕಿ ದಾಟಿದ ಕಾಲ 2013ರ ಲೆಕ್ಕದಲ್ಲಿ 43.2, 22.5 ಮತ್ತು 7.8 ತಿಂಗಳು.

ಈ ಅಂಕಿಗಳನ್ನು ಮೊಬೈಲಿನಲ್ಲಿ ಓದಿ ಅಳುತ್ತಾ ಬರುತ್ತಾರೆ. ಅವು ಇಮ್ಯುನೋಥೆರಪಿಗೆ ಮುಂಚಿನವು. ನಂತರ ಬಂದ ಚೆಕ್‌ಮೇಟ್-214 ಟ್ರಯಲ್‌ನಲ್ಲಿ ನಡುವಿನ ಮತ್ತು ಕಷ್ಟದ ಗುಂಪಿನವರಿಗೆ ಎರಡು ಇಮ್ಯುನೋಥೆರಪಿ ಔಷಧಿ ಒಟ್ಟಿಗೆ ಕೊಟ್ಟಾಗ ಆ ಕಾಲ ಸುಮಾರು 47 ತಿಂಗಳಿಗೆ ಹೋಯಿತು. ಹೋಲಿಕೆಗೆ ಸುನಿಟಿನಿಬ್ ಅನ್ನುವ ಹಳೇ ಮಾತ್ರೆ ಕೊಟ್ಟವರಲ್ಲಿ ಸುಮಾರು 26.

ಆಗ ಹೇಳುತ್ತೇನೆ ಅಂದ ತಿರುವು ಇಲ್ಲಿದೆ. ಎಲ್ಲಕ್ಕಿಂತ ಕೆಟ್ಟದು ಅಂತ ನಾವು ಬರೆಯುವ ಸಾರ್ಕೊಮಟಾಯ್ಡ್ ಇದ್ದವರಲ್ಲಿ ಈ ಜೋಡಿ ಔಷಧಿಗೆ ಸುಮಾರು ಐವರಲ್ಲಿ ಒಬ್ಬರ ಗಡ್ಡೆ ಸ್ಕ್ಯಾನಿನಲ್ಲಿ ಪೂರ್ತಿ ಮಾಯವಾಯಿತು. ಮಾತ್ರೆಯವರಲ್ಲಿ ನೂರಕ್ಕೆ ಮೂರು. ಅಂದರೆ ಅದೇ ಪದ ಒಂದು ಕಡೆ ಅಪಾಯದ ಗುರುತು, ಇನ್ನೊಂದು ಕಡೆ ಯಾವ ಔಷಧಿ ಆರಿಸಬೇಕು ಅನ್ನುವ ಸುಳಿವು. ರಿಪೋರ್ಟಿನಲ್ಲಿ ಆ ಪದ ಕಂಡರೆ ಆಂಕಾಲಜಿಸ್ಟ್ ಮುಂದೆ ಬೆರಳಿಟ್ಟು ತೋರಿಸಿ.

ಜೀನ್ ಟೆಸ್ಟ್ ಬಗ್ಗೆಯೂ ಕೇಳುತ್ತಾರೆ. ಬಿಎಪಿ1 ಅನ್ನುವ ಜೀನ್ ಕೆಟ್ಟಿದ್ದರೆ ಗಡ್ಡೆ ಒರಟು, ಪಿಬಿಆರ್‌ಎಂ1 ಮಾತ್ರ ಕೆಟ್ಟಿದ್ದರೆ ಸ್ವಲ್ಪ ಮೆದು ಅನ್ನುವುದು ನಿಜ. ಆದರೆ ಇವತ್ತಿಗೆ ಅದರಿಂದ ಆಪರೇಷನ್ ನಂತರದ ಚಿಕಿತ್ಸೆ ಬದಲಾಗುವುದಿಲ್ಲ. ಅದಕ್ಕೆ ದುಡ್ಡು ಸುರಿಯುವ ಬದಲು ಸ್ಲೈಡನ್ನು ಇನ್ನೊಬ್ಬ ಪೆಥಾಲಜಿಸ್ಟ್‌ಗೆ ತೋರಿಸಿ, ಅದು ಜಾಸ್ತಿ ಉಪಯೋಗ.

ಬೆಂಗಳೂರಿನ ಕಿದ್ವಾಯಿಯಲ್ಲೋ ಮುಂಬೈನ ಟಾಟಾ ಮೆಮೋರಿಯಲ್‌ನಲ್ಲೋ ಹೊರಗಿನ ಸ್ಲೈಡ್ ನೋಡಿ ಅಭಿಪ್ರಾಯ ಕೊಡುತ್ತಾರೆ. ಲ್ಯಾಬಿನಲ್ಲಿ ಸ್ಲೈಡ್ ಜೊತೆ ಬ್ಲಾಕನ್ನೂ ಕೇಳಿ ಪಡೆಯಿರಿ. ಬ್ಲಾಕ್ ಅಂದರೆ ಮೇಣದಲ್ಲಿ ಕೂರಿಸಿದ ಆ ಚಿಕ್ಕ ತುಂಡು, ಅದರಿಂದ ಇನ್ನೂ ಹಲವು ಹೊಸ ಸ್ಲೈಡ್ ತೆಗೆಯಬಹುದು. ಸ್ಲೈಡನ್ನು ಟಿಶ್ಯೂ ಪೇಪರಿನಲ್ಲಿ ಸುತ್ತಿ ಗಟ್ಟಿ ಡಬ್ಬಿಯಲ್ಲಿಡಿ, ಮೂಲ ರಿಪೋರ್ಟಿನ ಜೆರಾಕ್ಸ್ ಜೊತೆಗಿರಲಿ. ಬ್ಲಾಕನ್ನು ಮಾತ್ರ ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ, ಮೇಣ ಕರಗುತ್ತದೆ.